ಬಣ್ಣ ಬದಲಿಸುವ ಗುಂಡಿಯ ಬ್ಯಾಟರಿ: ಎರಡು ಮಳೆಗಾಲ ದಾಟಿದ ಮೇಲೆ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು, ಒಳಗೆ ಹಾಕೋದು ಸೆಲ್. ಇಲ್ಲೂ ಹಾಗೇ ಬರೆದಿದೆ, ಗೊಂದಲ ಬೇಡ.

ಇದು 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ, ಚಾರ್ಜ್ ಮಾಡುವ ಲಿಥಿಯಂ ಸೆಲ್) ಒಂದೇ ಹಿಡಿಯುವ, ಅಂಗೈಯಲ್ಲಿ ಅಡಗುವ ಬ್ಯಾಟರಿ. ಪಕ್ಕಕ್ಕೆ ಒಂದು ಗುಂಡಿ, ಅದರ ಮೇಲೆ ಮಸುಕು ಬಿಳಿ ಸಿಲಿಕೋನ್ ರಬ್ಬರು, ರಬ್ಬರಿನ ಕೆಳಗೆ ಕೆಂಪು, ಹಸಿರು, ನೀಲಿಯ ಪುಟ್ಟ ಎಲ್‌ಇಡಿ. ನಡೆಸುವ ಸಾಫ್ಟ್‌ವೇರ್ ಆಂಡುರಿಲ್ 2. ಗುಂಡಿಯ ಬಣ್ಣ ಶೋಕಿಗೆ ಇಟ್ಟದ್ದು ಅನಿಸುತ್ತದೆ. ಸೆಲ್ಲಿನ ಚಾರ್ಜನ್ನು ಬಣ್ಣದಲ್ಲಿ ತೋರಿಸುವ ವೋಲ್ಟೇಜ್ ಮೋಡಿಗೆ ಹಾಕಿ ನೋಡಿದರೆ ಇಡೀ ಬ್ಯಾಟರಿಯಲ್ಲಿ ದಿನಾ ಕೆಲಸಕ್ಕೆ ಬರುವುದು ಅದೇ.

ಹೊಸದಾಗಿ ಬಂದಾಗ ಸಿಂಪಲ್ ಮೋಡಿನಲ್ಲಿರುತ್ತದೆ, ಅದರಲ್ಲಿ ಬಣ್ಣ ಬದಲಿಸಲಾಗದು. ಬೆಳಕು ಆರಿದ್ದಾಗ ಗುಂಡಿಯನ್ನು ಹತ್ತು ಸಲ ಒತ್ತಿ, ಹತ್ತನೆಯದನ್ನು ಹಿಡಿದಿಡಿ, ಸಿಂಪಲ್ ಮೋಡಿನಿಂದ ಹೊರಬರುತ್ತದೆ. ಆಮೇಲೆ ಏಳು ಸಲ ಒತ್ತಿದರೆ ಗುಂಡಿಯ ಬೆಳಕು ಆಫ್, ಲೋ, ಹೈ, ಮಿಣುಕು ಹೀಗೆ ಒಂದೊಂದೇ ಹೆಜ್ಜೆ ಸರಿಯುತ್ತದೆ. ಏಳನೆಯದನ್ನು ಹಿಡಿದಿಟ್ಟರೆ ಬಣ್ಣಗಳು ತಿರುಗುತ್ತವೆ: ಕೆಂಪಿನಿಂದ ಶುರುವಾಗಿ ಬಿಳಿಯವರೆಗೆ, ಬಳಿಕ ಡಿಸ್ಕೋ, ರೇನ್‌ಬೋ, ಕೊನೆಗೆ ವೋಲ್ಟೇಜ್. ಅಲ್ಲಿ ಕೈಬಿಡಿ. ಕೆಂಪೆಂದರೆ ಸೆಲ್ ಖಾಲಿಯಾಗುತ್ತಿದೆ. ಹಳದಿ, ಹಸಿರು, ನೀಲಿ ಎಂದು ಏರುತ್ತ ತುಂಬಿದಾಗ ನೇರಳೆ.

ಮೋಸ ಹೋಗುವುದು ಇಲ್ಲೇ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್, ಆಮೇಲೆ ಬಹಳ ಹೊತ್ತು 3.6-3.7ರ ಆಸುಪಾಸಿನಲ್ಲೇ ಕೂತಿರುತ್ತದೆ, ಕೊನೆಯಲ್ಲಿ ಸರ್ರನೆ ಇಳಿಯುತ್ತದೆ. ಹಾಗಾಗಿ ನಡುವಿನ ಬಣ್ಣಗಳು ದಿನಗಟ್ಟಲೆ ಕದಲುವುದಿಲ್ಲ. ಹಳದಿ ಕಂಡ ದಿನವೇ ಚಾರ್ಜಿಗೆ ಹಾಕುವುದು ಚಲೋ, ಕೆಂಪಿಗೆ ಕಾಯಬೇಡಿ. ಎರಡನೆಯದು, ಟರ್ಬೊ, ಅಂದರೆ ಅತಿ ಜೋರು ಬೆಳಕು, ಹಾಕಿ ಆರಿಸಿದ ತಕ್ಷಣ ಕಾಣುವ ಬಣ್ಣ ನಿಜವಲ್ಲ. ಒಂದೆರಡು ನಿಮಿಷ ಬಿಟ್ಟರೆ ವೋಲ್ಟೇಜ್ ಮೇಲೇರಿ ನಿಲ್ಲುತ್ತದೆ, ಆಗ ನೋಡಿ.

ಜೋರು ಬೆಳಕಿನಲ್ಲಿ ವೋಲ್ಟೇಜ್ ಹೀಗೆ ಕುಸಿಯುವುದೇ ಸೆಲ್ಲಿನ ಗುಣ ಹೇಳುತ್ತದೆ. ಒಳ ತಡೆ (ರೆಸಿಸ್ಟೆನ್ಸ್) 0.03 ಓಮ್ ಇರುವ ಸೆಲ್ಲಿನಿಂದ 5 ಆಂಪ್ ಎಳೆದರೆ ಇಳಿಯುವುದು 0.15 ವೋಲ್ಟ್. ತಡೆ 0.2 ಓಮ್ ಇದ್ದರೆ ಪೂರಾ 1 ವೋಲ್ಟ್. ಬೆಳಕು ಉರಿಯುವಾಗಲೂ ಗುಂಡಿ ಬಣ್ಣ ತೋರಿಸುವ ಮಾಡೆಲ್ ಇದ್ದರೆ, ಆರಿದ್ದಾಗ ನೀಲಿ, ಜೋರು ಮಾಡಿದೊಡನೆ ಕೆಂಪು ಆಯಿತೋ, ಸೆಲ್ ಹಳತಾಗಿದೆ ಇಲ್ಲವೇ ನಕಲಿ. ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದ ಅಗ್ಗದ ಸೆಲ್‌ಗಳು ಹೀಗೇ ಸಿಕ್ಕಿಬೀಳುತ್ತವೆ. ಒಳ್ಳೆಯ ಕಂಪನಿಗಳ ಮಾಮೂಲಿ 18650ರಲ್ಲೇ 3500ರ ಸುತ್ತಮುತ್ತ ಇರುತ್ತದೆ, 9900 ಎಲ್ಲಿಂದ ಬರಬೇಕು!

ಗುಂಡಿ ಹಗಲೂ ರಾತ್ರಿ ಉರಿದರೆ ಸೆಲ್ ತಿನ್ನುವುದಿಲ್ಲವೇ ಎಂದು ಕೇಳುವವರು ಬಹಳ. ಲೋನಲ್ಲಿ ತಿನ್ನುವುದು ಮೈಕ್ರೋಆಂಪ್ ಲೆಕ್ಕದಲ್ಲಿ, ಚಿಂತೆಯಿಲ್ಲ. ಹೈನಲ್ಲಿ 2 ಮಿಲಿಆಂಪ್ ಎಂದು ಹಿಡಿದರೆ 3000 ಎಂಎಎಚ್ ಸೆಲ್ 1500 ಗಂಟೆ, ಅಂದರೆ ಸುಮಾರು 62 ದಿನ. ಸಣ್ಣ 14500 ಸೆಲ್ಲಿನ ಮಾಡೆಲ್ ಆದರೆ 900 ಎಂಎಎಚ್‌ಗೆ ಮೂರು ವಾರವೂ ಇಲ್ಲ. ಅದರಲ್ಲಿ ಹೈ ಬೇಡವೇ ಬೇಡ. ನಿಮ್ಮದನ್ನು ಅಳೆಯಬೇಕಾದರೆ ಹಿಂದಿನ ಮುಚ್ಚಳ ಬಿಚ್ಚಿ, ಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಒಂದು ವೈರು ಸೆಲ್ಲಿನ ಮೈನಸ್‌ಗೆ, ಇನ್ನೊಂದು ಕೊಳವೆಯ ಬರೀ ಲೋಹದ ಅಂಚಿಗೆ ಹಿಡಿಯಿರಿ. ಆಗ ಅಪ್ಪಿತಪ್ಪಿ ಗುಂಡಿ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಬಿಳಿ ಬಣ್ಣ ಇಟ್ಟುಕೊಂಡವರಿಗೆ ದಿನ ಕಳೆದಂತೆ ಅದು ಕೆಂಪಗೆ ತಿರುಗಿದ್ದು ಕಾಣಬಹುದು. ಕೆಟ್ಟಿಲ್ಲ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಹಸಿರು ಮತ್ತು ನೀಲಿಗೆ 3ರ ಹತ್ತಿರ ಬೇಕು. ಸೆಲ್ ಇಳಿದಂತೆ ಮೊದಲು ಮಂಕಾಗುವುದು ಇವೆರಡು. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣಿನವರಿಗೆ ಈ ಬಣ್ಣದ ಆಟ ಪ್ರಯೋಜನವಿಲ್ಲ. ಅವರು ಮೂರು ಸಲ ಒತ್ತಲಿ, ಮುಖ್ಯ ಬೆಳಕೇ ವೋಲ್ಟೇಜನ್ನು ಮಿಣುಕಿ ಎಣಿಸುತ್ತದೆ: ನಾಲ್ಕು ಮಿಣುಕು, ಬಿಡುವು, ಒಂದು ಮಿಣುಕು ಎಂದರೆ 4.1. ಹಗಲಿನ ಬಿಸಿಲಲ್ಲಂತೂ ಗುಂಡಿಯ ಬಣ್ಣ ಯಾರಿಗೂ ಕಾಣದು, ಅಂಗೈ ಮರೆ ಮಾಡಲೇಬೇಕು. ರಾತ್ರಿ ತ್ರೀಫೇಸ್ ಬಂದಾಗ ಮೋಟಾರ್ ಚಾಲೂ ಮಾಡಲು ಏಳುವವರಿಗೆ ಮಾತ್ರ ಗೂಟಕ್ಕೆ ನೇತುಹಾಕಿದ್ದು ಕತ್ತಲಲ್ಲಿ ಥಟ್ಟನೆ ಸಿಗುತ್ತದೆ. ಅಷ್ಟಕ್ಕೆ ಲೋ ಧಾರಾಳವಾಯಿತು.

ನವಲಗುಂದ, ರೋಣದ ಎರೆಮಣ್ಣು ಈ ಗುಂಡಿಯ ವೈರಿ. ರಬ್ಬರಿನ ಸುತ್ತಲ ಸಂದಿಯಲ್ಲಿ ಕೂತು ಒಣಗಿದರೆ ಒತ್ತಿದಾಗ ಟಕ್ ಎನ್ನುವುದು ನಿಲ್ಲುತ್ತದೆ. ಒದ್ದೆ ಮಾಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಸೂಜಿ, ಪಿನ್ನು ಹಾಕಿದರೆ ರಬ್ಬರು ತೂತಾಗಿ ಮಳೆನೀರು ನೇರ ಒಳಗೆ. ಮುಚ್ಚಳದ ತಿರುಪಿಗೆ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸಾಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಹಿಡಿಯುತ್ತದೆ, ಚಳಿಗಾಲದಲ್ಲಿ ಗಟ್ಟಿಯಾಗಿ ತಿರುಪು ಬಿಗಿಯುತ್ತದೆ.

ಕಿಸೆಗೆ ಹಾಕುವ ಮುನ್ನ ನಾಲ್ಕು ಸಲ ಒತ್ತಿ ಲಾಕ್ ಮಾಡಿ. ಕಿಸೆಯೊಳಗೆ ಟರ್ಬೊ ಹತ್ತಿಕೊಂಡರೆ ಬಟ್ಟೆ ಸುಡುವಷ್ಟು ಕಾಯುತ್ತದೆ. ಲಾಕ್ ಇದ್ದಾಗಿನ ಬಣ್ಣವನ್ನು ಬೇರೆಯಾಗಿ ಇಡಲು ಬರುತ್ತದೆ. ಮಿಣುಕಿಗೆ ಇಟ್ಟರೆ ಲಾಕ್ ಆಗಿದೆಯೋ ಇಲ್ಲವೋ ನೋಟಕ್ಕೇ ಗೊತ್ತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಡಿ, ಗುಂಡಿಯ ಬೆಳಕು ಆರಿದರೆ ಕರೆಂಟ್ ಕಡಿದಿದೆ ಎಂದರ್ಥ. ಆರದಿದ್ದರೆ ಆ ತಿರುಪಿಗೆ ಕರೆಂಟ್ ಹರಿಯಬಿಡದ ಆನೋಡೈಸ್ ಲೇಪ ಇಲ್ಲ, ಇದ್ದದ್ದು ಸವೆದಿರಬಹುದು. ಅಂಥದಕ್ಕೆ ನಾಲ್ಕು ಒತ್ತಿನ ಲಾಕೇ ಗತಿ.