ನನ್ನ ಬೆಟ್ಟಿಂಗ್ ಆ್ಯಪ್‌ನಲ್ಲಿ ಪಂದ್ಯ 90 ನಿಮಿಷಕ್ಕೇ ಮುಗಿಯುತ್ತದೆ

2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ಫೈನಲ್‌ವರೆಗೆ ಹೋಯಿತು. ನಾಕೌಟ್‌ನ ನಾಲ್ಕೂ ಪಂದ್ಯದಲ್ಲಿ ಅದೇ ಗೆಲ್ಲುತ್ತದೆ ಅಂತ ನಾನು ಎರಡೆರಡು ಪೌಂಡ್ ಕಟ್ಟಿದ್ದೆ. ನಾಲ್ಕೂ ಸಲ ಕೈಗೆ ಚೊಂಬು ಬಂತು. ಫೈನಲ್ ತಲುಪಿದ ತಂಡದ ಮೇಲೆ ಕಟ್ಟಿ ನಾಲ್ಕಕ್ಕೆ ನಾಲ್ಕು ಸೋಲುವುದು ಹೇಗೆ ಅಂತೀರಾ? ಅದನ್ನು ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ, ಮ್ಯಾಂಚೆಸ್ಟರ್ ಪಕ್ಕ. ಇಲ್ಲಿ ಇದೆಲ್ಲ ಕಾನೂನಿನ ಒಳಗೇ ನಡೆಯುತ್ತದೆ. ಪೇಟೆ ಬೀದಿಯಲ್ಲಿ ಔಷಧಿ ಅಂಗಡಿ ಪಕ್ಕದಲ್ಲೇ ಬೆಟ್ಟಿಂಗ್ ಅಂಗಡಿ ಇರುತ್ತದೆ. ನಾನು ಬಳಸುವುದು ಆ್ಯಪ್. ಹೆಸರು ಹೇಳುವುದಿಲ್ಲ, ಯಾವುದನ್ನು ಹಾಕಿಕೊಂಡರೂ ಈ ಕಥೆ ಇದೇ. ಎರಡು ವಿಶ್ವಕಪ್, ಎರಡು ಯೂರೋ ಕಪ್ ಇದರಲ್ಲೇ ಕಳೆದಿವೆ.

ಕ್ರೊಯೇಷಿಯಾ ನನ್ನ ಆಯ್ಕೆ ಅಲ್ಲ, ಹೆಂಡತಿಯದು. ಆ ಕೆಂಪು ಬಿಳಿ ಚೌಕಳಿ ಅಂಗಿ ನೋಡಿ ಅವಳಿಗೆ ಅವರಜ್ಜಿಯ ಸೀರೆ ನೆನಪಾಗಿತ್ತು. ಡೆನ್ಮಾರ್ಕ್ ಜೊತೆ 1-1, ಪೆನಾಲ್ಟಿಯಲ್ಲಿ ಗೆಲುವು. ಆ್ಯಪ್ ಮಾತ್ರ ನೀವು ಸೋತಿರಿ ಅಂದಿತು. ಸರಿ, ಪೆನಾಲ್ಟಿ ಶೂಟೌಟ್ ಲೆಕ್ಕಕ್ಕಿಲ್ಲವೇನೋ ಅಂದುಕೊಂಡೆ. ರಷ್ಯಾ ಜೊತೆ 2-2, ಮತ್ತೆ ಪೆನಾಲ್ಟಿ, ಮತ್ತೆ ಅದೇ. ಮೂರನೆಯದು ಇಂಗ್ಲೆಂಡ್ ಜೊತೆ ಸೆಮಿಫೈನಲ್. ಈ ಊರಲ್ಲಿ ಅನ್ನ ತಿಂದು ಇಂಗ್ಲೆಂಡ್ ವಿರುದ್ಧ ಕಟ್ಟುವಾಗ ಕೈ ಸ್ವಲ್ಪ ನಡುಗಿತು, ನಿಜ. 109ನೇ ನಿಮಿಷದಲ್ಲಿ ಕ್ರೊಯೇಷಿಯಾದ ಮಾಂಜುಕಿಚ್ ಗೋಲು ಹೊಡೆದ, 2-1. ಪೆನಾಲ್ಟಿಯಲ್ಲ ಏನಲ್ಲ, ಮೈದಾನದಲ್ಲಿ ಹೊಡೆದ ಗೋಲು. ಇಡೀ ಬೀದಿ ಸ್ಮಶಾನದ ಹಾಗಿತ್ತು, ನಾನೊಬ್ಬ ಒಳಗೊಳಗೇ ಖುಷಿ. ಆ್ಯಪ್ ತೆಗೆದರೆ: ಸೋತಿರಿ!

ಗ್ರಾಹಕ ಸೇವೆಯ ಚಾಟ್‌ನಲ್ಲಿ ಜಗಳಕ್ಕೆ ನಿಂತೆ. ಉತ್ತರ ಒಂದೇ ಸಾಲು. ಯಾರು ಗೆಲ್ಲುತ್ತಾರೆ ಅನ್ನುವ ಬೆಟ್‌ಗೆ ಲೆಕ್ಕ 90 ನಿಮಿಷದ್ದು ಮಾತ್ರ. ರೆಫರಿ ಕೊನೆಯಲ್ಲಿ ಸೇರಿಸುವ ನಾಲ್ಕೈದು ನಿಮಿಷ ಸೇರುತ್ತದೆ. ಪಂದ್ಯ ಸಮವಾದರೆ ಮುಂದುವರಿಸಿ ಆಡಿಸುವ ಎಕ್ಸ್‌ಟ್ರಾ ಟೈಮ್‌ನ 30 ನಿಮಿಷ ಸೇರುವುದಿಲ್ಲ. ಅಂದರೆ ಇವರ ಪುಸ್ತಕದಲ್ಲಿ ಆ ಸೆಮಿಫೈನಲ್ 1-1 ಡ್ರಾ. ಕ್ರೊಯೇಷಿಯಾ ಆ ಸಲ ನಾಕೌಟ್‌ನಲ್ಲಿ ಒಂದು ಪಂದ್ಯವನ್ನೂ 90 ನಿಮಿಷದಲ್ಲಿ ಗೆಲ್ಲಲೇ ಇಲ್ಲ! ನಾಲ್ಕನೆಯದಾದ ಫೈನಲ್‌ನಲ್ಲಿ ಫ್ರಾನ್ಸ್ 4-2ರಿಂದ ನೇರವಾಗಿಯೇ ಸೋಲಿಸಿತು. ಅದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ.

ನನ್ನ ದೂರು ನಿಯಮದ ಮೇಲಲ್ಲ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ಗೊತ್ತೇ ಇರುತ್ತದೆ. ಪಕ್ಕದ ಮನೆಯ ಅಜ್ಜ ನನ್ನ ಕಥೆ ಕೇಳಿ ಬೇಲಿ ಹಿಡಿದುಕೊಂಡು ನಕ್ಕರು. ನನ್ನ ಸಿಟ್ಟು ಅದನ್ನು ಇಟ್ಟಿರುವ ಜಾಗದ ಮೇಲೆ. ದೊಡ್ಡ ಬಟನ್‌ನಲ್ಲಿ ತಂಡದ ಹೆಸರು, ಅದರ ದರ. 90 ನಿಮಿಷ ಅನ್ನುವುದು ಇರುವೆ ಸಾಲಿನಂಥ ಅಕ್ಷರದಲ್ಲಿ. ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಎಲ್ಲ ಸೇರಿಸಿ ಮುಂದಿನ ಸುತ್ತಿಗೆ ಯಾರು ಅಂತ ಕಟ್ಟುವ ಬೆಟ್ ಬೇರೆಯೇ ಇದೆ. ಅದು ಸಿಗಬೇಕಾದರೆ ಬೆರಳಲ್ಲಿ ಮೂರು ಸಲ ಕೆಳಗೆ ಸರಿಸಬೇಕು. ಅದರ ದರವೂ ಕಡಿಮೆ, ಸಹಜ.

ಇಷ್ಟಾದರೂ ಯಾಕೆ ಬಿಡಲಿಲ್ಲ? ಆ ಅಭ್ಯಾಸ ಹಿಡಿಸಿಬಿಟ್ಟಿದೆ. ಟೂರ್ನಿ ಶುರುವಾದರೆ ಬೆಳಿಗ್ಗೆ ಫಿಲ್ಟರ್‌ಗೆ ಬಿಸಿನೀರು ಹಾಕಿ, ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಅಡುಗೆಮನೆ ಕಟ್ಟೆಗೆ ಒರಗಿ ಅವತ್ತಿನ ಪಂದ್ಯಗಳನ್ನು ನೋಡುತ್ತೇನೆ. ಡಿಕಾಕ್ಷನ್ ಇಳಿದು ಮುಗಿಯುವುದರೊಳಗೆ ತೀರ್ಮಾನ ಆಗಬೇಕು, ಅದು ನನ್ನ ನಿಯಮ. ಆಮೇಲೆ ಹೆಂಡತಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೊದಲ ಪುಟದಲ್ಲಿ ಶ್ರೀ, ಅದರ ಕೆಳಗೆ ತಂಡ, ದುಡ್ಡು, ಫಲಿತಾಂಶ. ಸೋತರೆ ಸೊನ್ನೆ ಹಾಕಿ ಅದಕ್ಕೆ ಕಣ್ಣು ಬಾಯಿ ಬರೆಯುತ್ತಾಳೆ. 2022ರ ನವೆಂಬರ್ 22ರ ಪುಟದಲ್ಲಿ ಅಳುವ ಸೊನ್ನೆ ಇದೆ. ಅವತ್ತು ಅರ್ಜೆಂಟೀನಾ, ಡೆನ್ಮಾರ್ಕ್, ಫ್ರಾನ್ಸ್ ಮೂರನ್ನೂ ಸೇರಿಸಿ ಕಟ್ಟಿದ್ದೆ. ಮೂರೂ ಗೆದ್ದರೆ ಮಾತ್ರ ದುಡ್ಡು. ಇಲ್ಲಿ ಬೆಳಿಗ್ಗೆ 10ಕ್ಕೆ ಶುರುವಾದ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾ 2-1ರಿಂದ ಅರ್ಜೆಂಟೀನಾವನ್ನು ಸೋಲಿಸಿತು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನನ್ನ ದಿನ ಮುಗಿದಿತ್ತು.

ಅದೇ ವಿಶ್ವಕಪ್‌ನ ಫೈನಲ್ ದಿನ ನನ್ನ ಮನಸ್ಸು ಸ್ವಲ್ಪ ಬದಲಾಯಿತು. ಡಿಸೆಂಬರ್ 18, ಭಾನುವಾರ, ಹೊರಗೆ ಮೂಳೆ ಕೊರೆಯುವ ಚಳಿ. ನಾಲ್ಕು ವರ್ಷದ ಸಿಟ್ಟು ಇನ್ನೂ ಇತ್ತು. ನಿಮ್ಮ 90 ನಿಮಿಷ ನೀವೇ ಇಟ್ಕೊಳ್ಳಿ ಅಂತ ಡ್ರಾ ಮೇಲೆ ಮೂರು ಪೌಂಡ್ ಕಟ್ಟಿದೆ. ಒಂದಕ್ಕೆ ಎರಡು ದರ. ಅರ್ಧ ಸಮಯಕ್ಕೆ ಅರ್ಜೆಂಟೀನಾ 2-0. ನಾನು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದೆ. ಬೆಟ್ ಬಿಟ್ಟುಕೊಟ್ಟರೆ ಈಗಲೇ 12 ಪೆನ್ಸ್ ಕೊಡುತ್ತೇವೆ ಅಂತ ಆ್ಯಪ್ ಕರೆಯುತ್ತಿತ್ತು. ಒತ್ತುತ್ತಿದ್ದೆನೋ ಏನೋ, ಕೈಯೆಲ್ಲಾ ಕಡಲೆಹಿಟ್ಟು. 80ನೇ ನಿಮಿಷದಲ್ಲಿ ಎದುರಾಳಿ ಫ್ರಾನ್ಸ್‌ನ ಎಂಬಾಪೆ ಪೆನಾಲ್ಟಿ, ಮರುನಿಮಿಷವೇ ಇನ್ನೊಂದು ಗೋಲು. 2-2. ರೆಫರಿ ಸೀಟಿ ಊದಿದರು, ಸ್ವಲ್ಪ ಹೊತ್ತಿಗೆ ಆ್ಯಪ್‌ಗೆ ಒಂಬತ್ತು ಪೌಂಡ್ ಬಂತು, ಕಟ್ಟಿದ ಮೂರೂ ಸೇರಿ.

ನಿಜವಾದ ಮಜಾ ಇದ್ದದ್ದು ಆಮೇಲೆ. ಎಕ್ಸ್‌ಟ್ರಾ ಟೈಮ್‌ನಲ್ಲಿ ನನ್ನದೇನೂ ಬಾಕಿ ಇರಲಿಲ್ಲ. ಮೆಸ್ಸಿ ಹೊಡೆದಾಗ ಕುಣಿದೆ, 118ರಲ್ಲಿ ಎಂಬಾಪೆ ಮತ್ತೆ ಹೊಡೆದಾಗಲೂ ಕುಣಿದೆ. ಕೊನೇ ಗಳಿಗೆಯಲ್ಲಿ ಅರ್ಜೆಂಟೀನಾದ ಗೋಲ್‌ಕೀಪರ್ ಮಾರ್ಟಿನೆಜ್ ಕಾಲು ಚಾಚಿ ಗೋಲು ತಡೆದಾಗ ಅದನ್ನು ಬರೀ ಫುಟ್‌ಬಾಲ್ ಅಂತ ನೋಡಿದೆ. ದುಡ್ಡು ಕಟ್ಟಿದ ಪಂದ್ಯವನ್ನು ನಾನು ಹಾಗೆ ನೋಡುವುದೇ ಇಲ್ಲ. ಚೆಂಡು ನೋಡುವುದಕ್ಕಿಂತ ಫೋನ್ ನೋಡುವುದೇ ಜಾಸ್ತಿ. ಆ ಹಾಳು ನಿಯಮದಿಂದಲೇ ನನಗೆ ಆ ಮೂವತ್ತು ನಿಮಿಷ ಬಿಟ್ಟಿಯಾಗಿ ಸಿಕ್ಕಿತು.

2024ರ ಯೂರೋದಲ್ಲೂ ಹಾಗೇ ಆಯಿತು. ಸ್ಲೊವಾಕಿಯಾ ವಿರುದ್ಧ ಇಂಗ್ಲೆಂಡ್ ಗೆಲ್ಲುತ್ತದೆ ಅಂತ ಕಟ್ಟಿದ್ದೆ. 95ನೇ ನಿಮಿಷದಲ್ಲಿ ಇಂಗ್ಲೆಂಡಿನ ಬೆಲಿಂಗಮ್ ಗಾಳಿಯಲ್ಲಿ ತಲೆಕೆಳಗಾಗಿ ಒದ್ದು 1-1 ಮಾಡಿದ. ನನ್ನ ಎರಡು ಪೌಂಡ್ ಅಲ್ಲಿಗೆ ಹೋಯಿತು. ಎಕ್ಸ್‌ಟ್ರಾ ಟೈಮ್ ಶುರುವಾದ ಕೂಡಲೇ ಕೇನ್ ಗೆಲುವಿನ ಗೋಲು ಹೊಡೆದಾಗ ಬೇಲಿಯಾಚೆ ಅಜ್ಜನ ಕೂಗು, ಈಚೆ ನನ್ನದು.

ಉಳಿದ ವಿಷಯ ಬೇಗ ಹೇಳುತ್ತೇನೆ. ಗೆದ್ದ ದುಡ್ಡು ಬೇಗ ಕೈಗೆ ಬರುತ್ತದೆ, ಅದಕ್ಕೆ ದೂರಿಲ್ಲ. ತಿಂಗಳಿಗೆ 20 ಪೌಂಡ್ ಮಿತಿ ಹಾಕಿಕೊಂಡಿದ್ದೇನೆ. ಕಡಿಮೆ ಮಾಡಿದರೆ ತಕ್ಷಣ ಆಗುತ್ತದೆ, ಜಾಸ್ತಿ ಮಾಡಬೇಕಾದರೆ ಒಂದು ದಿನ ಕಾಯಿಸುತ್ತಾರೆ. ಇದನ್ನು ಯಾರು ಯೋಚಿಸಿದರೋ ಅವರಿಗೊಂದು ನಮಸ್ಕಾರ. 2020ರಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟುವಂತಿಲ್ಲ, ಅದೂ ಒಳ್ಳೆಯದೇ. ನೋಟಿಫಿಕೇಶನ್ ಮಾತ್ರ ಪೀಡೆ. ದಿನಕ್ಕೆ ಹತ್ತು ಸಲ ಗಿಲಕಿ ಆಡಿಸುತ್ತದೆ, ಮೊದಲ ದಿನವೇ ಬಂದ್ ಮಾಡಿ. ಫ್ರೀ ಬೆಟ್ ಅನ್ನುವುದು ಸುಮ್ನೆ ಹೆಸರಿಗೆ. ಗೆದ್ದರೆ ಲಾಭ ಮಾತ್ರ ಕೊಡುತ್ತಾರೆ, ಕಟ್ಟಿದ ಮೊತ್ತ ಕೊಡುವುದಿಲ್ಲ. ದರ ನೋಡಿ ಮರುಳಾಗಬೇಡಿ. ಒಂದು ಪಂದ್ಯದ ಗೆಲುವು, ಸೋಲು, ಡ್ರಾ ಮೂರಕ್ಕೂ ಹಂಚಿ ಕಟ್ಟಿ ಲೆಕ್ಕ ಹಾಕಿದೆ. ಏನೇ ಆದರೂ 100 ಪೌಂಡ್ ವಾಪಸ್ ಬರಬೇಕೆಂದರೆ ಸುಮಾರು 106 ಹಾಕಬೇಕಿತ್ತು. ಆ ಆರು ಅವರ ಅಂಗಡಿ ಬಾಡಿಗೆ.

ನೋಟ್‌ಬುಕ್ ಪ್ರಕಾರ ನಾಲ್ಕು ಟೂರ್ನಿಗೆ ಹಾಕಿದ್ದು 236 ಪೌಂಡ್, ಬಂದಿದ್ದು 181. ಹೋಗಿದ್ದು 55. ಟೂರ್ನಿಗೆ ಹದಿನಾಲ್ಕು ಪೌಂಡ್ ಅಂದುಕೊಳ್ಳಿ, ನನ್ನ ಒಂದು ಹೇರ್‌ಕಟ್ ದುಡ್ಡು. ನನಗೆ ಅಷ್ಟು ಪರವಾಗಿಲ್ಲ. ಹೋದ ದುಡ್ಡನ್ನು ವಾಪಸ್ ಗೆಲ್ಲಬೇಕು ಅನ್ನಿಸುವ ಸ್ವಭಾವ ನಿಮ್ಮದಾದರೆ ಇದರ ಹತ್ತಿರವೇ ಸುಳಿಯಬೇಡಿ. ದಾವಣಗೆರೆಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದಾಗೆಲ್ಲ "ಭಾವ, ನಿಮ್ಮ ಲಾಗಿನ್ ಕೊಡಿ" ಅನ್ನುತ್ತಾನೆ. ಕೊಡುವುದಿಲ್ಲ. ಭಾರತದಲ್ಲಿ ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಅವನಿಗೆ ಕೊಡುತ್ತಿರಲಿಲ್ಲ, ಅವನ ಸ್ವಭಾವ ನನಗೆ ಗೊತ್ತು.

ಐದಕ್ಕೆ ಮೂರು ಸ್ಟಾರ್. 90 ನಿಮಿಷ ಅನ್ನುವುದನ್ನು ಬಟನ್ ಮೇಲೇ ದೊಡ್ಡದಾಗಿ ಬರೆದ ದಿನ ನಾಲ್ಕು ಮಾಡುತ್ತೇನೆ.

2026ರ ವಿಶ್ವಕಪ್‌ನಲ್ಲಿ ಜೂನ್ 17ಕ್ಕೆ ಇಂಗ್ಲೆಂಡ್ ಮತ್ತು ಕ್ರೊಯೇಷಿಯಾ ಮತ್ತೆ ಎದುರುಬದುರು, ಈ ಸಲ ಗುಂಪಿನ ಹಂತದಲ್ಲೇ. ಹೆಂಡತಿ ಹೊಸ ನೋಟ್‌ಬುಕ್ ತಂದು ಶ್ರೀ ಬರೆದಾಗಿದೆ. ನಿನ್ನೆ ಚಪಾತಿ ಲಟ್ಟಿಸುತ್ತಾ ಕೇಳಿದಳು: "ಗುಂಪಿನ ಪಂದ್ಯದಲ್ಲಿ ಎಕ್ಸ್‌ಟ್ರಾ ಟೈಮ್ ಇರಲ್ಲ ಅಲ್ವಾ?"

ಇರಲ್ಲ ಅಂದೆ.

"ಹಾಗಾದ್ರೆ ಚೌಕಳಿ ಮೇಲೆ ಎರಡು ಪೌಂಡ್."