ವಸಂತದ ಹಿಮಕ್ಕೆ ಪುಣೆಯ ಬಾಡಿಗೆ ಸಾಮಾನು: ಒಂದು ಅಂಗಡಿಯ ಅನುಭವ

ಏಪ್ರಿಲ್ ಮೊದಲ ವಾರ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವುದೆಂದು ನಾನೂ ಗೆಳೆಯನೂ ನಿಶ್ಚಯಿಸಿದಾಗ ಪುಣೆಯಲ್ಲಿ ಬಿಸಿಲು 38 ಡಿಗ್ರಿ ದಾಟಿತ್ತು. ಫ್ಯಾನಿನ ಕೆಳಗೆ ಕುಳಿತು ಉಣ್ಣೆಯ ಕಾಲುಚೀಲಗಳ ಲೆಕ್ಕ ಹಾಕುತ್ತಿದ್ದ ನನ್ನನ್ನು ನೋಡಿ ಮನೆಯವರು ನಕ್ಕದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಸುಮಾರು 3,800 ಮೀಟರ್ ಎತ್ತರದ ಆ ಶಿಖರದಲ್ಲಿ ಆ ಹೊತ್ತಿಗೂ ಹಳೆಯ ಹಿಮ ಉಳಿದಿರುವುದುಂಟು, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಮೋಡಗಳು ಒಂದೇ ರಾತ್ರಿಯಲ್ಲಿ ಹೊಸದನ್ನು ಸುರಿಸುವುದೂ ಉಂಟು. ಪುಣೆಯ ಹತ್ತಿರದ ಸಿಂಹಗಡ ಕೋಟೆಯನ್ನು ವಾರಕ್ಕೊಮ್ಮೆ ಹತ್ತಿದರೆ ಕಾಲಿಗೆ ಬಲ ಬಂದೀತೇ ಹೊರತು ಹಿಮದ ಮೇಲೆ ನಡೆಯುವ ಅಭ್ಯಾಸವಾಗುವುದಿಲ್ಲ. ಆದ್ದರಿಂದ ಪೇಟೆ ಭಾಗದಲ್ಲಿರುವ, ಚಾರಣದ ಸಾಮಾನು ಬಾಡಿಗೆಗೆ ಕೊಡುವ ಒಂದು ಸಣ್ಣ ಅಂಗಡಿಗೆ ಹೋದೆವು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅದು ಮುಚ್ಚಿರುತ್ತದೆ. ಪುಣೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕಲಕೋಟೆ ಕಡೆಯವರಾದ ಮಾಲೀಕರು ನಮ್ಮ ಮಾತು ಕಿವಿಗೆ ಬಿದ್ದದ್ದೇ ಮರಾಠಿ ಬಿಟ್ಟು, “ಬೂಟ್ ತಂದೀರೇನ್ರಿ? ಬೂಟ್ ನೋಡದ ಸ್ಪೈಕ್ ಕೊಡೂದಿಲ್ಲ ನಾ” ಎಂದರು. ತಂದಿರಲಿಲ್ಲ, ಮರುದಿನ ತಂದೆವು. ಮೈಕ್ರೋಸ್ಪೈಕ್ ಎಂದರೆ ಬೂಟಿನ ಸುತ್ತ ಎಳೆದು ಕೂರಿಸುವ ದಪ್ಪ ರಬ್ಬರ್ ಪಟ್ಟಿ, ಅದರಡಿಗೆ ಸರಪಳಿ, ಸರಪಳಿಯಲ್ಲಿ ಉಕ್ಕಿನ ಹಲ್ಲುಗಳು. ಅವರು ನನ್ನ ಬೂಟಿಗೆ ಅದನ್ನು ತೊಡಿಸಿ, ಹಳೆಯ ಹಲಗೆಯೊಂದರ ಮೇಲೆ ಹತ್ತು ಸಲ ಕಾಲು ಅಪ್ಪಳಿಸಲು ಹೇಳಿ, ಸರಪಳಿಗೂ ಅಟ್ಟೆಗೂ ನಡುವೆ ಬೆರಳು ತೂರಿಸಿ ನೋಡಿದರು. ಸಡಿಲವೆನಿಸಿದ್ದರಿಂದ ಒಂದು ಅಳತೆ ಚಿಕ್ಕದನ್ನು ಕೊಟ್ಟರು. ಗೆಳೆಯ ಕ್ರಾಂಪಾನ್ (ಬೂಟಿಗೆ ಬಿಗಿಯುವ, ಇನ್ನೂ ಉದ್ದ ಹಲ್ಲುಗಳ ಚೌಕಟ್ಟು) ಮತ್ತು ಐಸ್ ಆ್ಯಕ್ಸ್ (ಹಿಮಗೊಡಲಿ) ಕೇಳಿದಾಗ, ಅವು ಕಡಿದಾದ ಗಟ್ಟಿ ಹಿಮಕ್ಕೆ, ಬಳಸಲು ಕಲಿತವರಿಗೆ ಮಾತ್ರ ಎಂದು ನಿರಾಕರಿಸಿದರು. ವ್ಯಾಪಾರ ಬಿಟ್ಟುಕೊಟ್ಟು ಹೀಗೆ ಹೇಳುವ ಅಂಗಡಿಯವರನ್ನು ನಾನು ಹೆಚ್ಚು ಕಂಡಿಲ್ಲ.

ಆ ಹಲಗೆಯ ಪರೀಕ್ಷೆಯ ಬೆಲೆ ಶಿಖರದ ದಿನ ತಿಳಿಯಿತು. ವಸಂತದಲ್ಲಿ ಹಗಲು ಕರಗಿದ ಹಿಮದ ಮೇಲ್ಪದರ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ನಸುಕಿನ ಮೂರಕ್ಕೆ ಹೊರಟ ನಮಗೆ ಅದು ಗಾಜಿನಂತೆ ಸಿಕ್ಕಿತು. ಸ್ಪೈಕ್ ಒಮ್ಮೆಯೂ ಜಾರಲಿಲ್ಲ, ಕಳಚಲಿಲ್ಲ. ಇಳಿಯುವಾಗ ಬಿಸಿಲೇರಿ ಅದೇ ದಾರಿ ಮೆತ್ತಗಾಗಿ ಮೊಣಕಾಲಿನವರೆಗೆ ಹೂತುಹೋಗತೊಡಗಿದೆವು, ಬೂಟಿನೊಳಗೆ ಹಿಮ ನುಗ್ಗದಂತೆ ತಡೆಯಬೇಕಾದ ಗೇಟರ್ಸ್ ಕೈಕೊಟ್ಟದ್ದು ಅಲ್ಲಿಯೇ. ನನ್ನ ಬಲಗಾಲಿನದರ ಅಟ್ಟೆಯಡಿಯ ಪಟ್ಟಿ ಮೊದಲೇ ಸವೆದಿತ್ತು, ಅದು ಕಿತ್ತು ಬಂತು. ಉಳಿದ ದಾರಿಯನ್ನು ಹೆಚ್ಚುವರಿ ಲೇಸಿನಿಂದ ಬಿಗಿದುಕೊಂಡು, ಒದ್ದೆಯಾದ ಕಾಲುಚೀಲದಲ್ಲಿ ಮುಗಿಸಿದೆ. ಸ್ಪೈಕನ್ನು ಅಷ್ಟು ಪರೀಕ್ಷಿಸಿದವರು ಗೇಟರ್ಸನ್ನು ತಿರುಗಿಸಿಯೂ ನೋಡಿರಲಿಲ್ಲ, ನಾನೂ ನೋಡಲಿಲ್ಲ.

ಬಾಡಿಗೆಯ ಜಾಕೆಟ್‌ನೊಳಗೆ ತುಂಬಿದ್ದ ಗರಿಗಳು ಅಲ್ಲಲ್ಲಿ ಗಂಟುಕಟ್ಟಿದ್ದರೂ ರಾತ್ರಿಯ ಚಳಿಗೆ ಸಾಕಾಯಿತು. ಬೂಟನ್ನಂತೂ ಯಾರೂ ಬಾಡಿಗೆಗೆ ತರಬಾರದು. ತಂಪು ಕನ್ನಡಕ ಅಲ್ಲಿಲ್ಲ. ಹೊಸ ಹಿಮವು ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರವರೆಗೆ ಕಣ್ಣಿಗೇ ಮರಳಿಸಬಲ್ಲದಾದ್ದರಿಂದ ಅದನ್ನು ಬೇರೆಡೆ ಕೊಳ್ಳಲೇಬೇಕು. ನನ್ನ ನಿಜವಾದ ತಕರಾರು ದಿನಗಳ ಲೆಕ್ಕದ್ದು: ಡೆಹ್ರಾಡೂನಿಗೆ ರೈಲಿನಲ್ಲಿ ಹೋಗಿಬರುವ ನಾಲ್ಕು ದಿನಗಳಿಗೂ ಪೂರ್ತಿ ಬಾಡಿಗೆ ಹಿಡಿದರು. ಚಾರಣ ಆರಂಭವಾಗುವ ಸಾಂಕ್ರಿಯಲ್ಲೂ ಈ ಸಾಮಾನು ಬಾಡಿಗೆಗೆ ಸಿಗುತ್ತದೆ, ಆದರೆ ಅಲ್ಲಿ ಅಳತೆ ಹೊಂದದಿದ್ದರೆ ಬೇರೆ ದಾರಿಯಿರುವುದಿಲ್ಲ.

ಹಿಂದಿರುಗಿಸುವಾಗ ಕಿತ್ತ ಪಟ್ಟಿ ತೋರಿಸಿದೆ. ಅವರು ವಾದ ಮಾಡದೆ ಠೇವಣಿಯನ್ನು ಪೂರ್ತಿ ಕೊಟ್ಟರು, ಗೇಟರ್ಸಿನ ಬಾಡಿಗೆಯನ್ನು ಮಾತ್ರ ಕೊಡಲಿಲ್ಲ. ಮುಂದಿನ ಸಲ ಗೇಟರ್ಸ್ ನನ್ನದೇ ಇರುತ್ತದೆ. ಸ್ಪೈಕಿಗೆ ಅಲ್ಲಿಗೇ ಹೋಗುತ್ತೇನೆ, ಬೂಟು ಹಿಡಿದುಕೊಂಡು, ನಾಲ್ಕರ ನಂತರ.