ಒಂದೇ ಹೊಡೆತ, ಬೇರೆ ಬೇರೆ ಕ್ಯೂ

ಪೂಲ್ ಆಡದವರು ನನ್ನ ಕ್ಯೂ ಸ್ಟ್ಯಾಂಡ್ ನೋಡಿದಾಗ ಕೇಳುವುದು ಒಂದೇ ಮಾತು: "ಎಲ್ಲಾ ಕೋಲೇ ಅಲ್ವಾ? ಇಷ್ಟೊಂದು ಯಾಕೆ?" ದೂರದಿಂದ ನೋಡಿದರೆ ಅವರು ಹೇಳುವುದು ಸರಿ. ನನ್ನ ಹತ್ತಿರ ಐದು ಕ್ಯೂ ಇವೆ, ಜೊತೆಗೆ ಒಂದು ಶಾಫ್ಟ್, ಅಂದರೆ ಕ್ಯೂವಿನ ಮುಂಭಾಗ. ಮೂರರ ಉದ್ದ 58 ಇಂಚು, ತೂಕ 19 ಔನ್ಸ್ ಆಸುಪಾಸು, ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ. ಕೈಗೆ ಕೊಟ್ಟರೂ ಹೊಸಬರಿಗೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯತ್ಯಾಸ ಕಾಣುವುದು ಬಿಳಿ ಬಾಲನ್ನು ಹೊಡೆದಾಗ. ಅದಕ್ಕೇ ಬಾಯಲ್ಲಿ ವಿವರಿಸುವ ಬದಲು ಎಲ್ಲವನ್ನೂ ಒಂದೇ ಹೊಡೆತಕ್ಕೆ ಹಾಕಿ ನೋಡಿದೆ.

ಹೊಡೆತ ಇದು. 9 ಅಡಿ ಟೇಬಲ್, ಆಡುವ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಬಿಳಿ ಬಾಲನ್ನು ಹೆಡ್ ಸ್ಪಾಟ್ ಮೇಲೆ, ಅಂದರೆ ಟೇಬಲ್‌ನ ಒಂದು ತುದಿಯಿಂದ ಕಾಲು ಭಾಗ ದೂರದ ಗುರುತಿನ ಮೇಲೆ, ಇಟ್ಟೆ. ಅಲ್ಲಿಂದ ಎದುರಿನ ಕುಷನ್‌ಗೆ, ಅಂದರೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ, 75 ಇಂಚು. ಆ ಕುಷನ್ ಮೇಲೆ ಗೆರೆ ಹಾಕಿದ ಕಾಗದದ ಪಟ್ಟಿ ಅಂಟಿಸಿದೆ. ಮೊದಲು ಕ್ಯೂವನ್ನು ಪಟ್ಟಿಯ ನಡುಗೆರೆಗೆ ನೇರವಾಗಿ ಹಿಡಿದೆ. ಆಮೇಲೆ ದಿಕ್ಕು ಬದಲಿಸದೆ, ಟಿಪ್‌ನ (ಬಾಲಿಗೆ ತಾಗುವ ಪುಟ್ಟ ತುದಿಯ) ಅಗಲದಷ್ಟು ಬಲಕ್ಕೆ ಸರಿಸಿ, ಗಟ್ಟಿಯಾಗಿ ಹೊಡೆದೆ. ಕ್ಯೂ ನೇರ ಇದೆ, ಬಾಲೂ ನೇರ ಹೋಗಬೇಕು ಅನಿಸುತ್ತದೆ ಅಲ್ವಾ? ಹೋಗುವುದಿಲ್ಲ. ಬಲಕ್ಕೆ ಹೊಡೆದರೆ ಬಾಲ್ ಎಡಕ್ಕೆ ಸರಿಯುತ್ತದೆ. ಇದಕ್ಕೆ ಡಿಫ್ಲೆಕ್ಷನ್ ಅನ್ನುತ್ತಾರೆ. ಪ್ರತಿ ಕ್ಯೂನಲ್ಲೂ ಹತ್ತು ಹತ್ತು ಸಲ ಹೊಡೆದು, ಬಾಲ್ ತಾಗಿದ ಜಾಗವನ್ನು ಮೊಬೈಲ್ ವಿಡಿಯೋದಲ್ಲಿ ನೋಡಿ ಗುರುತು ಹಾಕಿಕೊಂಡೆ.

ಮೊದಲು ನನ್ನ ಹಳೇ ಮೇಪಲ್ ಕ್ಯೂ. ಗಟ್ಟಿ ಮೇಪಲ್ ಮರದ ಶಾಫ್ಟ್, 13 ಮಿ.ಮೀ. ಟಿಪ್, ಹಿಡಿಗೆ ಐರಿಶ್ ಲಿನನ್ ದಾರ ಸುತ್ತಿದೆ. ಇದರಲ್ಲಿ ಬಿಳಿ ಬಾಲ್ ನಡುಗೆರೆಯಿಂದ ಹೆಚ್ಚು ಕಡಿಮೆ ಒಂದು ಬಾಲಿನ ಅಗಲದಷ್ಟು ಎಡಕ್ಕೆ ಹೋಗಿ ತಾಗಿತು. ಪೂಲ್ ಬಾಲಿನ ಅಗಲ 57 ಮಿ.ಮೀ. ಅಂದರೆ ದೂರದ ಬಾಲನ್ನು ಕುಳಿಗೆ ಹಾಕುವ ಉದ್ದನೆಯ ಪಾಟ್ ಒಂದಕ್ಕೆ, ಬಿಳಿ ಬಾಲಿನ ಪಕ್ಕಕ್ಕೆ ಹೊಡೆದು ತಿರುಗಿಸುವ ಸೈಡ್ ಸ್ಪಿನ್ ಹಾಕಿ, ಕಣ್ಣಿಗೆ ಕಂಡ ಹಾಗೇ ಗುರಿ ಇಟ್ಟರೆ, ಎದುರಿನ ಬಾಲ್ ಪೂರ್ತಿ ತಪ್ಪಿಯೇ ಹೋಗಬಹುದು. ಈ ಕ್ಯೂನಲ್ಲಿ ಆಡುವವರು ಎಷ್ಟು ತಪ್ಪಿಸಿ ಗುರಿ ಇಡಬೇಕು ಅನ್ನುವುದನ್ನು ವರ್ಷಗಟ್ಟಲೆ ಕೈಗೆ ಕಲಿಸಿಕೊಂಡಿರುತ್ತಾರೆ. ಲೆಕ್ಕ ಹಾಕಿ ಅಲ್ಲ, ರೂಢಿಯಿಂದ.

ಎರಡನೆಯದು ಲೋ ಡಿಫ್ಲೆಕ್ಷನ್ ಶಾಫ್ಟ್ ಇರುವ ಕ್ಯೂ, ಅಂದರೆ ಬಾಲ್ ಕಡಿಮೆ ಸರಿಯಲಿ ಅಂತ ಮಾಡಿದ ಶಾಫ್ಟ್. ಇದೂ ಮೇಪಲ್ಲೇ. ಆದರೆ ಒಂದೇ ತುಂಡಲ್ಲ, ಉದ್ದುದ್ದ ಸೀಳುಗಳನ್ನು ಅಂಟಿಸಿ ಮಾಡಿದ್ದು. ಟಿಪ್ ಕಡೆಯ ಕೆಲವು ಇಂಚು ಒಳಗೆ ಟೊಳ್ಳು. ಟಿಪ್ ಕೆಳಗಿನ ಬಿಳಿ ಬಳೆ, ಅಂದರೆ ಫೆರೂಲ್, ಗಿಡ್ಡ ಮತ್ತು ಹಗುರ. ಇದರಲ್ಲಿ ಬಾಲ್ ಸರಿದದ್ದು ಅರ್ಧ ಬಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಕಾರಣ ತುಂಬಾ ಸರಳ, ನನಗೆ ಇವತ್ತಿಗೂ ಇಷ್ಟವಾಗುವ ಸಂಗತಿ. ಟಿಪ್ ಬಾಲಿಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತು. ಅಷ್ಟರಲ್ಲೇ ಬಾಲ್ ತಿರುಗಲು ಶುರುವಾಗಿ ಶಾಫ್ಟ್‌ನ ತುದಿಯನ್ನು ಪಕ್ಕಕ್ಕೆ ದಬ್ಬುತ್ತದೆ. ತುದಿ ಭಾರವಾಗಿದ್ದರೆ ಅದು ಸುಲಭಕ್ಕೆ ಸರಿಯುವುದಿಲ್ಲ, ಬಾಲನ್ನೇ ಎದುರು ದಿಕ್ಕಿಗೆ ದಬ್ಬುತ್ತದೆ. ತುದಿ ಹಗುರವಾಗಿದ್ದರೆ ಅದೇ ದಾರಿ ಬಿಡುತ್ತದೆ. ಅಂದರೆ ಇಡೀ ಕ್ಯೂವಿನ ತೂಕ ಇಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ, ಮುಂದಿನ ಕೆಲವೇ ಇಂಚುಗಳ ತೂಕ ಮುಖ್ಯ. ಪ್ರೆಡೇಟರ್ ಕಂಪನಿ 1994ರಲ್ಲಿ 314 ಅನ್ನುವ ಶಾಫ್ಟ್ ತಂದಾಗಿನಿಂದ ಈ ಮಾತು ಆಟಗಾರರ ನಡುವೆ ಜೋರಾಯಿತು. ಒಂದು ಕ್ಯೂ ಇದ್ದವರು ಎರಡನೆಯದರ ಬಗ್ಗೆ ಯೋಚಿಸಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಮೂರನೆಯದು ಕಾರ್ಬನ್ ಫೈಬರ್ ಶಾಫ್ಟ್. ಇದು ಬೇರೆ ಕ್ಯೂ ಅಲ್ಲ, ಲೋ ಡಿಫ್ಲೆಕ್ಷನ್ ಕ್ಯೂವಿನ ಬಟ್‌ಗೇ, ಅಂದರೆ ಹಿಂಭಾಗಕ್ಕೇ, ತಿರುಗಿಸಿ ಹಾಕುವ ಇನ್ನೊಂದು ಮುಂಭಾಗ. ಎರಡರ ಜಾಯಿಂಟ್ ಸ್ಕ್ರೂ ಒಂದೇ ಅಳತೆಯದು. ಹಾಗಾಗಿ ಇವೆರಡರ ಹೋಲಿಕೆ ನನ್ನ ಇಡೀ ಪ್ರಯೋಗದಲ್ಲಿ ಅತ್ಯಂತ ನ್ಯಾಯವಾದದ್ದು: ಹಿಡಿ ಅದೇ, ಕೈ ಅದೇ, ಮುಂಭಾಗ ಮಾತ್ರ ಬೇರೆ. ಬಾಲ್ ಸರಿದದ್ದು ಸುಮಾರು ಅರ್ಧ ಬಾಲ್. ಮರದ ಲೋ ಡಿಫ್ಲೆಕ್ಷನ್ ಶಾಫ್ಟ್‌ಗಿಂತ ಚೂರು ಕಡಿಮೆ, ಆದರೆ ಆಟ ಬದಲಿಸುವಷ್ಟಲ್ಲ.

ಹಾಗಾದರೆ ಕಾರ್ಬನ್ ಯಾಕೆ ಬೇಕು? ನೋಡಿಕೊಳ್ಳುವ ಕಷ್ಟ ಇಲ್ಲ, ಅದಕ್ಕೆ. ಮರ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟರೆ ನಿಧಾನಕ್ಕೆ ಬಾಗುತ್ತದೆ. ಬೆವರು ಮತ್ತು ಟಿಪ್ ಜಾರದಂತೆ ಹಚ್ಚುವ ಚಾಕ್‌ನ ಪುಡಿ ಸೇರಿ ಅಂಟಂಟಾಗುತ್ತದೆ. ಕಾರ್ಬನ್‌ಗೆ ಇದ್ಯಾವುದೂ ಇಲ್ಲ. ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಕ್ಯೂವಿಗೆ ಮುಂದೆ ಆಸರೆ ಕೊಡುವ ಬ್ರಿಡ್ಜ್ ಕೈಯ ಬೆರಳುಗಳ ನಡುವೆ ಮತ್ತೆ ಮೊದಲ ದಿನದ ಹಾಗೇ ಜಾರುತ್ತದೆ. ಟೇಬಲ್ ಅಂಚಿಗೆ ಚೂರು ತಾಗಿದರೆ ಮರದ ಮೇಲೆ ಸಣ್ಣ ಗುಳಿ ಬೀಳುತ್ತದೆ, ಮುಂದಿನ ಪ್ರತಿ ಹೊಡೆತದಲ್ಲೂ ಆ ಗುಳಿ ಬೆರಳಿಗೆ ಸಿಗುತ್ತದೆ. ಕಾರ್ಬನ್‌ನಲ್ಲಿ ಆ ಕಾಟ ನನಗೆ ಈವರೆಗೆ ಬಂದಿಲ್ಲ.

ಆದರೆ ಸದ್ದು! ಮೇಪಲ್‌ನಲ್ಲಿ ಬಾಲ್ ಸರಿಯಾಗಿ ತಾಗಿದರೆ "ಟಕ್" ಅಂತ ತುಂಬಿದ ಸದ್ದು ಬರುತ್ತದೆ, ಅದರ ಜೊತೆ ಹಿಂಗೈಗೆ ಒಂದು ಸಣ್ಣ ನಡುಕ. ಆ ನಡುಕದಲ್ಲೇ ಗೊತ್ತಾಗುತ್ತದೆ, ನಡುವೆ ಹೊಡೆದೆನೋ ಪಕ್ಕಕ್ಕೆ ಸರಿದೆನೋ ಅಂತ. ನನ್ನ ಕಾರ್ಬನ್ ಶಾಫ್ಟ್‌ನಲ್ಲಿ ಸದ್ದು ತೆಳು, "ಟಿಕ್" ಅಂತ. ಕೈಗೆ ಸುದ್ದಿ ಕಡಿಮೆ ಬರುತ್ತದೆ. ಒಳಗೆ ಫೋಮ್ ತುಂಬಿರುತ್ತಾರೆ, ಆದರೂ ಮರದ ಮಾತು ಬೇರೆ. ಸ್ಪಿನ್ ಜಾಸ್ತಿ ಸಿಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನನ್ನ ಅನುಭವದಲ್ಲಿ ಸ್ಪಿನ್ ಬರುವುದು ಬಾಲಿನ ನಡುವಿನಿಂದ ಎಷ್ಟು ದೂರ, ಎಷ್ಟು ಜೋರಾಗಿ ಹೊಡೆದಿರಿ ಅನ್ನುವುದರಿಂದ. ಟಿಪ್ ಚೆನ್ನಾಗಿದ್ದು ಚಾಕ್ ಹಚ್ಚಿದ್ದರೆ ಹಳೇ ಮೇಪಲ್ ಕೂಡ ಅಷ್ಟೇ ಸ್ಪಿನ್ ಕೊಡುತ್ತದೆ. ಲೋ ಡಿಫ್ಲೆಕ್ಷನ್‌ನಲ್ಲಿ ಗುರಿ ತಪ್ಪುವ ಭಯ ಕಡಿಮೆ, ಹಾಗಾಗಿ ನಾವೇ ಧೈರ್ಯವಾಗಿ ಇನ್ನಷ್ಟು ಪಕ್ಕಕ್ಕೆ ಹೊಡೆಯುತ್ತೇವೆ. ಅದೇ ಜಾಸ್ತಿ ಸ್ಪಿನ್ ಅನಿಸುತ್ತದೆ.

ಇನ್ನು ಬ್ರೇಕ್ ಕ್ಯೂ, ಅಂದರೆ ಆಟದ ಶುರುವಿಗೆ ಬಾಲ್‌ಗಳ ಗುಂಪನ್ನು ಚದುರಿಸುವ ಹೊಡೆತದ ಕ್ಯೂ. ಇದನ್ನು ನಾನು ಇಷ್ಟಪಟ್ಟು ತಂದದ್ದಲ್ಲ, ನಷ್ಟ ಆದ ಮೇಲೆ ತಂದದ್ದು. ಮೊದಲು ಒಂದೇ ಕ್ಯೂ ಇತ್ತು, ಅದೇ ಹಳೇ ಮೇಪಲ್. ಅದರಲ್ಲೇ ಆಡುತ್ತಿದ್ದೆ, ಅದರಲ್ಲೇ ಬ್ರೇಕ್ ಮಾಡುತ್ತಿದ್ದೆ. ಚರ್ಮದ ಟಿಪ್ ಪ್ರತಿ ಬ್ರೇಕಿಗೂ ಚೂರು ಚಪ್ಪಟೆಯಾಗಿ, ಅಂಚು ಅಣಬೆಯ ಹಾಗೆ ಫೆರೂಲ್‌ನಿಂದ ಹೊರಗೆ ಉಬ್ಬಿಕೊಳ್ಳುತ್ತಿತ್ತು. ಬ್ಲೇಡಿನಿಂದ ಅಂಚು ಕೊಯ್ದು, ಉಪ್ಪುಕಾಗದದಲ್ಲಿ ಮತ್ತೆ ಗುಂಡಗೆ ಮಾಡುವುದು ವಾರ ವಾರದ ಕೆಲಸ. ಒಂದು ದಿನ ಜೋರಾಗಿ ಬ್ರೇಕ್ ಮಾಡಿದೆ, ಸದ್ದು ಒಡಕಾಗಿ ಬಂತು. ಬೆಳಕಿಗೆ ಹಿಡಿದು ನೋಡಿದರೆ ಫೆರೂಲ್‌ನಲ್ಲಿ ಕೂದಲೆಳೆಯಂಥ ಬಿರುಕು, ಟಿಪ್‌ನಿಂದ ಮರದವರೆಗೆ. ಅದನ್ನು ಬದಲಾಯಿಸಿ, ಹೊಸ ಟಿಪ್ ಹಾಕಿಸಿಕೊಂಡ ಮೇಲೆ ಕ್ಯೂವಿನ ಹೊಡೆತವೇ ಬೇರೆಯಾಗಿತ್ತು. ಮತ್ತೆ ಹೊಂದಿಕೊಳ್ಳಲು ತಿಂಗಳು ಹಿಡಿಯಿತು. ಆ ಬೇಜಾರು ಈಗಲೂ ನೆನಪಿದೆ.

ಬ್ರೇಕ್ ಕ್ಯೂವಿನ ಟಿಪ್ ಚರ್ಮದ್ದಲ್ಲ, ಫೀನಾಲಿಕ್ ಅನ್ನುವ ಗಟ್ಟಿ ವಸ್ತು. ಅದು ಅದುಮಿಕೊಳ್ಳುವುದಿಲ್ಲ, ಆದ್ದರಿಂದ ಕೈಯ ಶಕ್ತಿ ಬಾಲಿಗೆ ಜಾಸ್ತಿ ಹೋಗುತ್ತದೆ. ಎರಡರಲ್ಲೂ ಬ್ರೇಕ್ ಮಾಡಿ ನೋಡಿದೆ. ಅದೇ ಕೈ ಬೀಸಿಗೆ ಬಾಲ್‌ಗಳು ಇದರಲ್ಲಿ ಇನ್ನೂ ಚೆನ್ನಾಗಿ ಚದುರುತ್ತವೆ. ಆದರೆ ನನ್ನ ಸೈಡ್ ಸ್ಪಿನ್ ಹೊಡೆತದಲ್ಲಿ ಇದು ಸೋತಿತು. ಹತ್ತರಲ್ಲಿ ನಾಲ್ಕು ಸಲ ಟಿಪ್ ಜಾರಿ ಮಿಸ್‌ಕ್ಯೂ ಆಯಿತು. ಗಟ್ಟಿ ಟಿಪ್‌ಗೆ ಬಾಲನ್ನು ಹಿಡಿದುಕೊಳ್ಳುವ ಗುಣ ಇಲ್ಲ, ನಡುವೆ ಹೊಡೆಯುವುದಕ್ಕಷ್ಟೇ ಅದು. ಬಾಲನ್ನು ಹಿಡಿಯಬೇಕಾದರೆ ಟಿಪ್ ಮೆತ್ತಗಿರಬೇಕು, ಬ್ರೇಕಿಗೆ ಗಟ್ಟಿ ಇರಬೇಕು. ಒಂದೇ ಟಿಪ್‌ನಿಂದ ಎರಡೂ ಆಗುವುದಿಲ್ಲ. ಒಂದೇ ಕ್ಯೂ ಸಾಕು ಅನ್ನುವವರ ಜೊತೆ ನಾನು ವಾದ ಮಾಡುವುದು ಇದೊಂದೇ ವಿಷಯಕ್ಕೆ.

ಜಂಪ್ ಕ್ಯೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಡ್ಡ, ತುಂಬಾ ಹಗುರ, ಟಿಪ್ ಗಟ್ಟಿ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಕ್ಯೂ 40 ಇಂಚಿಗಿಂತ ಗಿಡ್ಡ ಇರುವಂತಿಲ್ಲ, ನನ್ನದು 41. ಹಿಂಭಾಗ ಎತ್ತಿ ಬಾಲಿನ ಮೇಲಿಂದ ಹೊಡೆದರೆ ಅದು ಅಡ್ಡ ನಿಂತ ಬಾಲನ್ನು ಹಾರುತ್ತದೆ. ಉದ್ದನೆಯ ಕ್ಯೂನಲ್ಲಿ ಇದೇ ಪ್ರಯತ್ನ ಮಾಡಿದಾಗ ಹತ್ತರಲ್ಲಿ ಒಂದು ಹಾರಿತು, ಇದರಲ್ಲಿ ಏಳು. ಕೆಲವು ಕಡೆ ಜಂಪ್ ಕ್ಯೂ ಬಳಸಲು ಬಿಡುವುದಿಲ್ಲ. ಕುಷನ್‌ಗೆ ಹೊಡೆದು ಬಾಲನ್ನು ತಲುಪುವುದನ್ನು ಮೊದಲು ಕಲಿಯಿರಿ, ಜಂಪ್ ಕ್ಯೂ ಆಮೇಲೆ ತಗೊಂಡರೂ ಆಯಿತು.

ಕೊನೆಯದು ಸ್ನೂಕರ್ ಕ್ಯೂ. ಆ್ಯಶ್ ಮರ, ಹಿತ್ತಾಳೆ ಫೆರೂಲ್, 9.5 ಮಿ.ಮೀ. ಟಿಪ್. ಸ್ನೂಕರ್ ಬಾಲ್ 52.5 ಮಿ.ಮೀ., ಪೂಲ್ ಬಾಲಿಗಿಂತ ಚಿಕ್ಕದು, ಹಗುರ. ಈ ಕ್ಯೂ ಮಾಡಿರುವುದೇ ಅದಕ್ಕೆ. ಆದರೂ ಪೂಲ್ ಟೇಬಲ್ ಮೇಲೆ ಹೊಡೆದು ನೋಡಿದೆ. ಬಾಲ್ ಸರಿದದ್ದು ಹಳೇ ಮೇಪಲ್‌ಗಿಂತ ಕಡಿಮೆ, ಲೋ ಡಿಫ್ಲೆಕ್ಷನ್‌ಗಿಂತ ಜಾಸ್ತಿ. ಸಣ್ಣ ಟಿಪ್ ಆದ್ದರಿಂದ ಎಲ್ಲಿ ತಾಗುತ್ತದೆ ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕೈಯ ತಪ್ಪೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ! ಆ್ಯಶ್‌ನಲ್ಲಿ ಬಾಣದ ಆಕಾರದ ಗೆರೆಗಳು ಮೇಲೆ ಕಾಣುತ್ತವಲ್ಲ, ಹೊಡೆಯುವ ಮುಂಚೆ ಅವನ್ನು ಪ್ರತಿ ಸಲ ಒಂದೇ ಕಡೆಗೆ ತಿರುಗಿಸಿ ಹಿಡಿಯುವ ಅಭ್ಯಾಸ ಇದರಿಂದ ಬಂತು. ಆಮೇಲೆ ಪೂಲ್ ಕ್ಯೂ ಹಿಡಿಯುವಾಗಲೂ ಬಟ್‌ನ ಒಂದು ಗುರುತನ್ನು ಮೇಲೆ ಇಟ್ಟುಕೊಳ್ಳಲು ಶುರು ಮಾಡಿದೆ. ಬೇರೆ ಕ್ಯೂ ಹಿಡಿಯುವುದರಿಂದ ಇಂಥ ಲಾಭವೂ ಇದೆ.

ಇಷ್ಟೆಲ್ಲಾ ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ಒಂದೇ ಕ್ಯೂ ಇಟ್ಟುಕೊಂಡವರ ವಾದ ಗಟ್ಟಿಯಾಗಿದೆ, ನಾನೇ ಅನುಭವಿಸಿದ್ದೇನೆ. ಸುಮಾರು ಎರಡು ತಿಂಗಳು ದಿನಕ್ಕೊಂದು ಕ್ಯೂ ಬದಲಿಸಿ ಆಡಿದೆ. ಹತ್ತಿರದ ಪಾಟ್‌ಗಳಿಗೆ ಏನೂ ಆಗಲಿಲ್ಲ. ದೂರದ, ಸೈಡ್ ಸ್ಪಿನ್ ಬೇಕಾದ ಪಾಟ್‌ಗಳು ಕೈ ಬಿಟ್ಟವು. ಮೇಪಲ್ ಹಿಡಿದಾಗ ಕಾರ್ಬನ್‌ನ ಲೆಕ್ಕದಲ್ಲಿ ಗುರಿ ಇಡುತ್ತಿದ್ದೆ, ಕಾರ್ಬನ್ ಹಿಡಿದಾಗ ಮೇಪಲ್ ಲೆಕ್ಕದಲ್ಲಿ. ಕೈ ಒಂದು ಸಲಕ್ಕೆ ಒಂದೇ ಡಿಫ್ಲೆಕ್ಷನ್ ನೆನಪಿಟ್ಟುಕೊಳ್ಳುತ್ತದೆ ಅನ್ನುವುದು ಆಗ ಅರ್ಥವಾಯಿತು. ಅವತ್ತಿನಿಂದ ಆಡುವ ಕ್ಯೂ ಒಂದೇ. ಬ್ರೇಕ್ ಮತ್ತು ಜಂಪ್ ಕ್ಯೂಗಳಿಂದ ಈ ತೊಂದರೆ ಇಲ್ಲ. ಅವುಗಳ ಹೊಡೆತವೇ ಬೇರೆ, ಕೈ ಗೊಂದಲ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಆಡದ ಕ್ಯೂಗಳನ್ನು ಸುಮ್ನೆ ಯಾಕೆ ಇಟ್ಟುಕೊಳ್ಳಬೇಕು? ಇಲ್ಲಿ ಹೊಡೆತದ ಹೋಲಿಕೆ ಮುಗಿಯುತ್ತದೆ, ಮರದ ಪ್ರೀತಿ ಶುರುವಾಗುತ್ತದೆ. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಕ್ಯೂ ಮಾಡುತ್ತಿದ್ದ ಜಾರ್ಜ್ ಬಾಲಬುಷ್ಕಾ (1912–1975) ಹೆಸರು ಕ್ಯೂ ಸಂಗ್ರಹಿಸುವವರೆಲ್ಲ ಕೇಳಿರುತ್ತಾರೆ. ಆತ ಮೊದಮೊದಲು ಬ್ರನ್ಸ್‌ವಿಕ್ ಕಂಪನಿಯ ಟೈಟ್‌ಲಿಸ್ಟ್ ಅನ್ನುವ ಸಾಮಾನ್ಯ ಕ್ಯೂಗಳನ್ನು ತಗೊಂಡು, ಅವುಗಳ ಹಿಂಭಾಗದ ಮರದಿಂದ ತನ್ನ ಕ್ಯೂ ಮಾಡುತ್ತಿದ್ದರು. ಪೂಲ್ ಹಾಲ್‌ನ ಗೋಡೆಗೆ ಒರಗಿ ನಿಲ್ಲುತ್ತಿದ್ದ ಅದೇ ಕೋಲಿನ ಮರ ಅವರ ಕೈ ದಾಟಿದ ಮೇಲೆ ಸಂಗ್ರಹಕಾರರು ಹುಡುಕಿಕೊಂಡು ಹೋಗುವ ವಸ್ತುವಾಯಿತು. ನನ್ನ ಹಳೇ ಮೇಪಲ್ ಅಂಥದ್ದೇನಲ್ಲ. ಆದರೂ ಅದರ ಬಟ್ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂಪುಗಳು ಒಂದರೊಳಗೊಂದು ಕೂತಿರುವುದನ್ನು ನೋಡಿದಾಗ, ಇದನ್ನು ಯಾರೋ ಗಮನ ಕೊಟ್ಟು ಮಾಡಿದ್ದಾರೆ ಅಂತ ಅನಿಸುತ್ತದೆ. ಅಷ್ಟೂ ಚೂಪುಗಳ ತುದಿ ಒಂದೇ ಎತ್ತರಕ್ಕೆ ಬಂದು ನಿಂತಿವೆ.

ಒಂದನ್ನೇ ಇಟ್ಟುಕೋ ಅಂದರೆ ನನ್ನ ಆಯ್ಕೆ ಮರದ ಲೋ ಡಿಫ್ಲೆಕ್ಷನ್ ಶಾಫ್ಟ್ ಇರುವ ಕ್ಯೂ. ಹೆಚ್ಚು ಕಡಿಮೆ ಕಾರ್ಬನ್‌ನಷ್ಟೇ ನೇರ, ಮೇಪಲ್‌ನ ಮಾತು ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಉಳಿದಿದೆ. ಬಿಸಿಲು, ಮಳೆ, ಪ್ರಯಾಣ ಜಾಸ್ತಿ ಇರುವವರು ಕಾರ್ಬನ್ ತಗೊಳ್ಳಲಿ. ಎರಡನೆಯದಕ್ಕೆ ಜಾಗ ಇದ್ದರೆ ಬೇರೆ ಆಡುವ ಕ್ಯೂ ಬೇಡ, ಬ್ರೇಕ್ ಕ್ಯೂ ಬರಲಿ. ಈಗಷ್ಟೇ ಶುರು ಮಾಡಿದವರು ಯಾವುದೇ ಒಂದು ನೇರವಾದ ಮೇಪಲ್ ಹಿಡಿದು ವರ್ಷ ಆಡಲಿ, ಟಿಪ್ ಮಾತ್ರ ಚೆನ್ನಾಗಿ ನೋಡಿಕೊಳ್ಳಲಿ.

ಹಳೇ ಮೇಪಲ್‌ನ ಟಿಪ್ ಸವೆದು ತೆಳುವಾಗಿದೆ. ಈ ಭಾನುವಾರ ಹೊಸದು ಅಂಟಿಸಬೇಕು. ಪದರ ಪದರದ ಮಧ್ಯಮ ಗಟ್ಟಿಯ ಚರ್ಮ ತಂದಿಟ್ಟಿದ್ದೇನೆ. ಅಂಟು ಒಣಗಿದ ಮೇಲೆ ಮತ್ತೆ ಅದೇ ಹೆಡ್ ಸ್ಪಾಟ್, ಅದೇ ಕಾಗದದ ಪಟ್ಟಿ, ಹತ್ತು ಹೊಡೆತ.